ಸೂಪರ್ ಕಣೋ

ಮೂರು ವಾರದ ಹಿಂದೆ ನನ್ನ ತಮ್ಮ ವಾಟ್ಸಾಪ್‌ನಲ್ಲಿ ಒಂದು ಆಡಿಯೋ ಕಳಿಸಿದ್ದ. ಹಾಸನದಲ್ಲಿ ಕಾಲೇಜು ಗೆಳೆಯರ ಜೊತೆ ಸೇರಿ ಅವರೇ ಬರೆದು, ಅವರೇ ಹಾಡಿದ್ದು. ನಾನು ಮೀಟಿಂಗ್‌ನಲ್ಲಿದ್ದೆ. ಪ್ಲೇ ಒತ್ತದೆಯೇ "ಸೂಪರ್ ಕಣೋ" ಅಂತ ಟೈಪ್ ಮಾಡಿ, ಒಂದು ಹೆಬ್ಬೆಟ್ಟಿನ ಇಮೋಜಿ ಹಾಕಿ ಮರೆತುಬಿಟ್ಟೆ.

ಅದು ಮತ್ತೆ ನೆನಪಾಗಿದ್ದು ಕಳೆದ ಶನಿವಾರ ರಾತ್ರಿ, 'ಜಾನ್ ಪೀಲ್ಸ್ ರೆಕಾರ್ಡ್ ಬಾಕ್ಸ್' ಅನ್ನೋ ಸಾಕ್ಷ್ಯಚಿತ್ರ ನೋಡುವಾಗ. 2005ರಲ್ಲಿ ಬ್ರಿಟನ್ನಿನ ಚಾನೆಲ್ 4ರಲ್ಲಿ ಬಂದಿದ್ದು. ಬ್ರಿಟಿಷ್ ಪಾಪ್ ಬಗ್ಗೆ ಬರುವ ಸಾಕ್ಷ್ಯಚಿತ್ರಗಳು ಸಾಮಾನ್ಯವಾಗಿ ಗೆದ್ದವರ ಕಥೆ. ಬೀಟಲ್ಸ್, ಓಯಸಿಸ್, ತುಂಬಿದ ಮೈದಾನ, ಕಿರುಚಾಟ. ಇದರಲ್ಲಿ ಇರೋದು ಒಂದು ಸಣ್ಣ ಮರದ ಪೆಟ್ಟಿಗೆ. ಅದರೊಳಗೆ ಪೀಲ್ ತಮಗಿಷ್ಟ ಅಂತ ಎತ್ತಿಟ್ಟುಕೊಂಡಿದ್ದ ನೂರಕ್ಕೂ ಹೆಚ್ಚು ಸಿಂಗಲ್ ರೆಕಾರ್ಡುಗಳು. ಅರ್ಧಕ್ಕರ್ಧ ಹೆಸರು ನಾನು ಕೇಳೇ ಇರಲಿಲ್ಲ.

ಪೀಲ್ ಮೊದಲು ಸಮುದ್ರದಲ್ಲಿ ಲಂಗರು ಹಾಕಿದ ಹಡಗಿನಿಂದ ಪ್ರಸಾರವಾಗುತ್ತಿದ್ದ ಪೈರೇಟ್ ಸ್ಟೇಷನ್ ಒಂದರಲ್ಲಿದ್ದರು. 1967ರಲ್ಲಿ ಬಿಬಿಸಿ ರೇಡಿಯೋ 1 ಶುರುವಾದಾಗ ಅಲ್ಲಿಗೆ ಬಂದರು. 2004ರ ಅಕ್ಟೋಬರ್‌ನಲ್ಲಿ ಪೆರು ದೇಶದ ಕುಸ್ಕೋದಲ್ಲಿ ಹೃದಯಾಘಾತದಿಂದ ತೀರಿಕೊಳ್ಳುವವರೆಗೂ ಅಲ್ಲೇ ಇದ್ದರು. ಎರಡು ವರ್ಷಕ್ಕೊಮ್ಮೆ ಕಂಪನಿ ಬದಲಾಯಿಸೋ ನಮಗೆ 37 ವರ್ಷ ಅಂದ್ರೆ ತಲೆ ತಿರುಗುತ್ತೆ.

ನನಗೆ ತುಂಬಾ ಹಿಡಿಸಿದ್ದು 'ಪೀಲ್ ಸೆಷನ್' ಹುಟ್ಟಿದ ರೀತಿ. ಆಗಿನ ಒಪ್ಪಂದಗಳ ಪ್ರಕಾರ ಬಿಬಿಸಿ ಇಂತಿಷ್ಟು ಹೊತ್ತು ಮಾತ್ರ ರೆಕಾರ್ಡು ಹಾಕಬಹುದಿತ್ತು. ಇದಕ್ಕೆ 'ನೀಡಲ್ ಟೈಮ್' ಅಂತ ಹೆಸರು. ಉಳಿದ ಹೊತ್ತು ತುಂಬಿಸೋಕೆ ಸ್ಟುಡಿಯೋಗೆ ಜನ ಬಂದು ನುಡಿಸಲೇಬೇಕು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಶುದ್ಧ ರಿಸೋರ್ಸ್ ಕನ್ಸ್ಟ್ರೈಂಟ್! ಪೀಲ್ ಆ ಜಾಗವನ್ನ ಹೊಸಬರಿಗೆ ಕೊಟ್ಟರು. ಬ್ಯಾಂಡ್ ಬರೋದು, ಒಂದೇ ದಿನದಲ್ಲಿ ಸಾಮಾನ್ಯವಾಗಿ ನಾಲ್ಕು ಹಾಡು ರೆಕಾರ್ಡ್ ಮಾಡೋದು, ಹೋಗೋದು. ಹೀಗೆ 4000ಕ್ಕೂ ಹೆಚ್ಚು ಸೆಷನ್‌ಗಳಾದವು. ಎಷ್ಟೋ ಬ್ಯಾಂಡ್‌ಗಳು ಆಮೇಲೆ ಏನಾದವೋ ಯಾರಿಗೂ ಗೊತ್ತಿಲ್ಲ. ಅದಕ್ಕೆ ಅವರು ತಲೆ ಕೆಡಿಸಿಕೊಂಡ ಹಾಗೂ ಕಾಣಲ್ಲ.

1978ರಲ್ಲಿ ಉತ್ತರ ಐರ್ಲೆಂಡಿನ ಡೆರ್ರಿ ಊರಿನ ಹುಡುಗರ ಬ್ಯಾಂಡ್ 'ದಿ ಅಂಡರ್‌ಟೋನ್ಸ್' ತಮ್ಮ ಮೊದಲ ರೆಕಾರ್ಡ್ ತಂದಿತು. ಪೀಲ್ ಅದರ 'ಟೀನೇಜ್ ಕಿಕ್ಸ್' ಹಾಡನ್ನ ಒಮ್ಮೆ ಹಾಕಿ, ಮುಗಿದ ತಕ್ಷಣ ಅದನ್ನೇ ಮತ್ತೊಮ್ಮೆ ಹಾಕಿದರು. ರೇಡಿಯೋದಲ್ಲಿ ಯಾರು ಹಾಗೆ ಮಾಡ್ತಾರೆ? ಕೆಲವೊಮ್ಮೆ 45ರ ವೇಗದ ರೆಕಾರ್ಡನ್ನ 33ರಲ್ಲಿ ಹಾಕಿ ಎಡವಟ್ಟೂ ಮಾಡ್ತಿದ್ದರು. ತಪ್ಪಾದ್ರೂ ಸರಿ, ಒಬ್ಬ ಮನುಷ್ಯ ಕೂತು ಕೇಳಿದ್ದಾನೆ ಅನ್ನೋದಂತೂ ಕೇಳುಗರಿಗೆ ಗೊತ್ತಾಗ್ತಿತ್ತು. ಮೂಟೆಗಟ್ಟಲೆ ಕ್ಯಾಸೆಟ್ ಬರ್ತಿದ್ದವು ಅವರಿಗೆ, ಗುರುತು ಪರಿಚಯ ಇಲ್ಲದವರಿಂದ. ನನಗೆ ಬಂದಿದ್ದು ಒಂದೇ ಒಂದು, ಅದೂ ಒಡಹುಟ್ಟಿದವನಿಂದ.

ಸಾಕ್ಷ್ಯಚಿತ್ರ ಅಲ್ಲಿಗೇ ನಿಲ್ಲಿಸಿ ವಾಟ್ಸಾಪ್ ತೆಗೆದೆ. ಆಫೀಸಿನ ಗ್ರೂಪ್‌ಗಳು, ಅಪಾರ್ಟ್‌ಮೆಂಟ್ ನೀರಿನ ಜಗಳ ಎಲ್ಲ ದಾಟಿ ಆ ಆಡಿಯೋ ಸಿಕ್ಕಿತು. ಇಯರ್‌ಫೋನ್ ಹಾಕಿಕೊಂಡು ಪೂರ್ತಿ ಕೇಳಿದೆ. ಮತ್ತೊಮ್ಮೆ ಕೇಳಿದೆ. ಅದ್ಭುತ ಅಂತೇನೂ ಅಲ್ಲ. ತಮ್ಮನ ಸ್ವರ ಮೇಲೆ ಹೋದಾಗ ನಡುಗುತ್ತೆ. ಆದ್ರೆ ಎರಡನೇ ಚರಣದಲ್ಲಿ ಅಜ್ಜಿ ಮನೆ ಹಿತ್ತಲಿನ ಬಾವಿ ರಾಟೆ ಬರುತ್ತೆ, ಅದು ಕೀರಲಿಡೋ ಸದ್ದಿನ ಸಮೇತ. ಆ ಬಾವಿ ಮುಚ್ಚಿ ಎಂಟು ವರ್ಷ ಆಯ್ತು.

ರಾತ್ರಿ ಹನ್ನೊಂದೂವರೆಗೆ ಫೋನ್ ಮಾಡಿದೆ.

"ಡ್ರಮ್ಸ್ ಹುಡುಗ ಕೊನೇಲಿ ಯಾಕೋ ಅಷ್ಟು ಓಡ್ತಾನೆ? ಅದಿರ್ಲಿ, ಆ ರಾಟೆ ಸದ್ದು ಎಲ್ಲಿಂದ ತಂದೆ?"

ಆ ಕಡೆ ಒಂದು ಕ್ಷಣ ಮಾತಿಲ್ಲ.

"ಇವತ್ತು ಕೇಳಿದ್ಯಾ ಅಕ್ಕಾ?" ಅಂದ.