ಸಕಲೇಶಪುರದ ಹಾದಿಯೂ ಎಣ್ಣೆಯ ಮುಳ್ಳೂ

ಬೆಂಗಳೂರಿನಿಂದ ಪಶ್ಚಿಮ ಸಮುದ್ರತೀರಕ್ಕೆ ಹೋಗತಕ್ಕ ಹೆದ್ದಾರಿಗಳಲ್ಲಿ ನೆಲಮಂಗಲ, ಕುಣಿಗಲು, ಚನ್ನರಾಯಪಟ್ಟಣ, ಹಾಸನಗಳ ಮೇಲೆ ಸಾಗಿ, ಸಕಲೇಶಪುರದಲ್ಲಿ ಮಲೆನಾಡನ್ನು ಹೊಕ್ಕು, ಶಿರಾಡಿ ಘಾಟಿಯಲ್ಲಿ ಇಳಿಯುವ ದಾರಿಯು ಬಹಳ ಬಳಕೆಯುಳ್ಳದ್ದು. ಹಾಸನದವರೆಗೆ ಇದು ಸಾಧುವಾದ ಬಯಲುಸೀಮೆಯ ರಸ್ತೆ. ಎರಡು ಕಡೆಯಲ್ಲಿಯೂ ರಾಗಿಯ ಹೊಲ, ತೆಂಗಿನ ತೋಟ, ಅಲ್ಲಲ್ಲಿ ಕೆರೆಯ ಏರಿ. ಹಾಸನವನ್ನು ದಾಟಿದ ಮೇಲೆ ನೆಲವು ಅಲೆಯಲೆಯಾಗಿ ಏಳತೊಡಗುವುದು, ಗಾಳಿ ತಂಪಾಗುವುದು, ಸಿಲ್ವರ್ ಮರಗಳ ನೆರಳಿನಲ್ಲಿ ಕಾಫಿಯ ಗಿಡಗಳು ಕಾಣಿಸಿಕೊಳ್ಳುವುವು. ಸಕಲೇಶಪುರವು ಸಮುದ್ರಮಟ್ಟದಿಂದ ಸುಮಾರು 950 ಮೀಟರು ಎತ್ತರದಲ್ಲಿರುವುದು. ಅಲ್ಲಿಂದ ಮುಂದೆ ದಾರಿಯು ಕೆಂಪುಹೊಳೆಯ ಮಗ್ಗುಲಲ್ಲಿ ದಟ್ಟವಾದ ಕಾಡಿನೊಳಗೆ ಇಳಿದು ಗುಂಡ್ಯವನ್ನು ಮುಟ್ಟುವುದು. ಹೊಸ ಗಾಡಿಯುಳ್ಳವರಿಗೆ ಇಲ್ಲಿ ಸುತ್ತಣ ಚೆಲುವೊಂದೇ ಕಣ್ಣಿಗೆ ಬೀಳುವುದು. ಹಳೆಯ ಗಾಡಿಯನ್ನು ಈಚೆಗೆ ಕೊಂಡವರಿಗಾದರೋ ಇದೊಂದು ಪರೀಕ್ಷೆಯ ಹಾದಿ.

ನಾವು ಕೊಂಡದ್ದು ಡೀಸೆಲ್ ಇಂಜಿನಿನ ಒಂದು ಹಳೆಯ ಜೀಪು. ಕೊಂಡು ಹದಿನೈದು ದಿನಗಳಾಗಿದ್ದುವು. ನಮ್ಮ ತಾಯಿಯವರಿಗೆ ಕುಕ್ಕೆ ಸುಬ್ರಹ್ಮಣ್ಯದಲ್ಲಿ ಆಶ್ಲೇಷಾ ಬಲಿಯನ್ನು ಮಾಡಿಸುವ ಹರಕೆಯಿದ್ದುದರಿಂದ ಅವರನ್ನೂ ಮಕ್ಕಳನ್ನೂ ಕೂಡಿಸಿಕೊಂಡು ಮುಂಜಾನೆಯೇ ಹೊರಟೆವು. ಈ ಜೀಪಿನಲ್ಲಿ, ಈಗಿನ ಅನೇಕ ಕಾರುಗಳಲ್ಲಿರುವಂತೆ, ಅಪಾಯ ಬಂದ ಮೇಲೆ ಉರಿಯುವ ಕೆಂಪು ದೀಪ ಮಾತ್ರವಲ್ಲದೆ, ಎಣ್ಣೆಯ ಒತ್ತಡವನ್ನು ತೋರಿಸುವ ಮುಳ್ಳಿನ ಮಾಪಕವೂ ಇದ್ದಿತು. ಒಳಗೆ ಬಾಗಿದ ಒಂದು ಚಪ್ಪಟೆ ಕೊಳವೆ. ಒತ್ತಡ ಹೆಚ್ಚಿದಂತೆ ಅದು ನೆಟ್ಟಗಾಗಲೆಳಸಿ ಮುಳ್ಳನ್ನು ತಿರುಗಿಸುವುದು. ಫ್ರಾನ್ಸಿನ ಬೂರ್ದೋನ್ ಎಂಬಾತನು 1849ರಲ್ಲಿ ಹಕ್ಕುಪತ್ರ ಪಡೆದ ಉಪಾಯವಿದು. ಹಳೆಯ ಗಾಡಿಯ ಗುಣವನ್ನು ದಾರಿಯಲ್ಲಿಯೇ ಅರಿಯಬೇಕೆಂದು, ನಿಲ್ಲುವ ಒಂದೊಂದು ಊರಿನಲ್ಲಿಯೂ ಮುಳ್ಳು ಎಲ್ಲಿದೆಯೆಂಬುದನ್ನು ಒಂದು ಚಿಕ್ಕ ಪುಸ್ತಕದಲ್ಲಿ ಬರೆದಿಡುತ್ತ ಹೋದೆವು.

ಬೆಂಗಳೂರನ್ನು ಬಿಟ್ಟು ಇಂಜಿನು ಬಿಸಿಯಾದ ಮೇಲೆ, ಗಂಟೆಗೆ 55 ಕಿಲೋಮೀಟರು ವೇಗದಲ್ಲಿ ಮುಳ್ಳು ಚದರ ಅಂಗುಲಕ್ಕೆ 45 ಪೌಂಡುಗಳ ಹತ್ತಿರ ನಿಂತಿತ್ತು. ಯಡಿಯೂರಿನಲ್ಲಿ ಸಿದ್ಧಲಿಂಗೇಶ್ವರನ ಗೋಪುರಕ್ಕೆ ಕೈಮುಗಿದು ಮುಂದೆ ಸಾಗುವಾಗ 36 ಆಯಿತು. ಚನ್ನರಾಯಪಟ್ಟಣವನ್ನು ಸೇರುವ ಹೊತ್ತಿಗೆ 30. ಅಳತೆಕಡ್ಡಿಯನ್ನು ತೆಗೆದು ನೋಡಿದರೆ ಎಣ್ಣೆಯ ಮಟ್ಟ ಸರಿಯಾಗಿಯೇ ಇದ್ದಿತು, ಸೋರಿದ ಗುರುತಿಲ್ಲ. ಕಾಫಿ ತಿಂಡಿಗಳಿಗಾಗಿ ಅರ್ಧ ಗಂಟೆ ನಿಂತು ಮತ್ತೆ ಹೊರಟಾಗ ಮುಳ್ಳು ಏನೂ ಆಗದಂತೆ 45ಕ್ಕೆ ಏರಿತು. ಹಾಸನವು ಅಲ್ಲಿಂದ ನಲವತ್ತು ಕಿಲೋಮೀಟರಿಗಿಂತ ಸ್ವಲ್ಪ ಕಡಿಮೆ. ಅಷ್ಟರೊಳಗೆ ಅದು ಮರಳಿ 29ಕ್ಕೆ ಇಳಿಯಿತು.

ಹಾಸನದಲ್ಲಿ ಊಟಕ್ಕೆ ನಿಂತಾಗ ಪಕ್ಕದಲ್ಲಿದ್ದ ಗಾಡಿಯವರೊಬ್ಬರು ನಮ್ಮ ಮಾತನ್ನು ಕೇಳಿ, "ಬೇರಿಂಗು ಹೋಗಿದೆ ಸ್ವಾಮಿ, ಇಂಜಿನ್ ಪೂರ್ತಿ ಬಿಚ್ಚಿಸಬೇಕಾಗುತ್ತದೆ. ಸದ್ಯಕ್ಕೆ ದಪ್ಪ ಎಣ್ಣೆ ಹಾಕಿಕೊಂಡು ಓಡಿಸಿಬಿಡಿ" ಎಂದರು. ಇಂಜಿನನ್ನು ಪೂರ್ತಿ ಬಿಚ್ಚಿಸುವ ಖರ್ಚೆಂದರೆ ನಾವು ಜೀಪಿಗೆ ಕೊಟ್ಟ ಬೆಲೆಯಲ್ಲಿ ಮೂರರಲ್ಲೊಂದು ಪಾಲು. ಮುಂದಿನ ಯೋಚನೆಯನ್ನು ಸಕಲೇಶಪುರದಲ್ಲಿ ಮಾಡೋಣವೆಂದೂ, ಮುಳ್ಳು ಒಂದು ಗೆರೆಯ ಕೆಳಗಿಳಿದರೆ ಅಲ್ಲಿಯೇ ನಿಲ್ಲತಕ್ಕದ್ದೆಂದೂ ನಿಶ್ಚಯಿಸಿದೆವು. ಆ ಗೆರೆ ಯಾವುದೆಂದರೆ: ಹಳೆಯ ಕಾಲದ ಇಂಜಿನುಗಳಲ್ಲಿ ನಿಮಿಷಕ್ಕೆ ಸಾವಿರ ಸುತ್ತಿಗೆ ಹತ್ತು ಪೌಂಡಾದರೂ ಒತ್ತಡ ಇರಬೇಕೆಂಬುದು ಕೆಲಸಗಾರರ ಲೆಕ್ಕ. ನಾವು ಹೋಗುತ್ತಿದ್ದ ವೇಗದಲ್ಲಿ ಇಂಜಿನು ಸುಮಾರು ಎರಡು ಸಾವಿರ ಸುತ್ತು ತಿರುಗುವುದು. ಆದುದರಿಂದ 20 ನಮ್ಮ ಗೆರೆ.

ಹಾಸನವನ್ನು ಬಿಡುವಾಗ 43 ಇದ್ದ ಮುಳ್ಳು ಪಾಳ್ಯವನ್ನು ದಾಟಿ ಏರುಗಳು ತೊಡಗಿದೊಡನೆ ಬೇಗ ಬೇಗನೆ ಕುಗ್ಗಿತು. ಬಾಳ್ಳುಪೇಟೆಯ ಬಳಿ 19ನ್ನು ತೋರಿಸಿತು. ಗಾಡಿಯನ್ನು ಬದಿಗೆ ನಿಲ್ಲಿಸಿದೆವು. ಇಂಜಿನು ಮೆಲ್ಲಗೆ ತಿರುಗುತ್ತಿದ್ದ ಆ ಒಂದು ಗಳಿಗೆಯಲ್ಲಿ ಮುಳ್ಳು 15ರಲ್ಲಿದ್ದುದನ್ನು ನೋಡಿ ಬರೆದುಕೊಂಡು, ಇಂಜಿನನ್ನು ಆರಿಸಿದೆವು. ಹಿಂದೆ ಎರಡು ಸಲ ಆದಂತೆ ಅರ್ಧ ಗಂಟೆ ಕಾದರೆ ಒತ್ತಡ ತಿರುಗಿ ಬರುವುದೆಂಬುದು ಗೊತ್ತಿದ್ದಿತು. ಆದರೆ ಘಾಟಿಯ ಇಳಿಜಾರಿನಲ್ಲಿ ಗಾಡಿಯನ್ನು ತಡೆಹಿಡಿಯುವುದು ಬ್ರೇಕೊಂದೇ ಅಲ್ಲ, ಚಿಕ್ಕ ಗೇರಿನಲ್ಲಿ ರಭಸದಿಂದ ತಿರುಗುವ ಇಂಜಿನೇ ಅದಕ್ಕೆ ಲಗಾಮು. ಅಂತಹ ಇಂಜಿನು ನಡುದಾರಿಯಲ್ಲಿ ಕಚ್ಚಿಕೊಂಡರೆ ಮಾಡುವುದೇನು? ನಾಳೆಯ ಪೂಜೆಗೆ ಹಣ ಕಟ್ಟಿಯಾಗಿದ್ದಿತು. ನಮ್ಮ ತಾಯಿಯವರು ಇದನ್ನೆಲ್ಲ ಕೇಳಿ, "ದೇವರು ಒಂದು ದಿನ ಕಾಯುತ್ತಾನಪ್ಪ, ಮಕ್ಕಳಿದ್ದಾರೆ" ಎಂದಷ್ಟೇ ಹೇಳಿದರು. ತೋಟದ ಕಡೆಗೆ ಹೋಗುತ್ತಿದ್ದ ಒಂದು ಟ್ರ್ಯಾಕ್ಟರಿನವರು ಹಗ್ಗ ಕಟ್ಟಿ ನಮ್ಮನ್ನು ಸಕಲೇಶಪುರಕ್ಕೆ ಎಳೆದು ತಂದರು.

ಸಕಲೇಶಪುರವು ಹೇಮಾವತಿಯ ದಡದ ಊರು. ಹೊಳೆಯ ಬಳಿಯಲ್ಲಿರುವ ಸಕಲೇಶ್ವರನ ದೇವಾಲಯದಿಂದ ಊರಿಗೆ ಈ ಹೆಸರು ಬಂದಿತು. ಸುತ್ತಲೂ ಕಾಫಿ, ಏಲಕ್ಕಿ, ಮೆಣಸುಗಳ ತೋಟಗಳು. ಮಳೆಗಾಲದಲ್ಲಿ ಕೆಸರಾಗುವ ತೋಟದ ದಾರಿಗಳಲ್ಲಿ ಜೀಪಿನ ಹೊರತು ಬೇರೆ ಗಾಡಿ ನಡೆಯುವುದು ಕಷ್ಟ. ಆದ ಕಾರಣ, ಬೇರೆಡೆಯಲ್ಲಿ ಗುಜರಿಗೆ ಹೋಗಬೇಕಾದ ಹಳೆಯ ಜೀಪುಗಳು ಈ ಸೀಮೆಯಲ್ಲಿ ಮೂರನೆಯ ಯಜಮಾನನ ಕೈಯಲ್ಲಿಯೂ ದುಡಿಯುತ್ತಿರುವುವು. ಅವುಗಳ ನಾಡಿಯನ್ನು ಬಲ್ಲ ಮೇಸ್ತ್ರಿಗಳೂ ಇಲ್ಲಿರುವರು. ಅಂತಹ ವೃದ್ಧ ಮೇಸ್ತ್ರಿಯೊಬ್ಬರ ಬಳಿಗೆ ಮರುದಿನ ಬೆಳಗ್ಗೆ ಹೋದೆವು.

ಅವರು ಸ್ಪ್ಯಾನರನ್ನು ಮುಟ್ಟುವುದಕ್ಕೆ ಮೊದಲು ನಮ್ಮ ಪುಸ್ತಕವನ್ನು ಕೇಳಿ ಪಡೆದು, ಜೋಯಿಸರು ಜಾತಕವನ್ನು ನೋಡುವಂತೆ ಎರಡು ಸಲ ನೋಡಿದರು. "ಮೊದಲು ಮುಳ್ಳು ನಿಜ ಹೇಳುತ್ತಿದೆಯೋ ಸುಳ್ಳು ಹೇಳುತ್ತಿದೆಯೋ ನೋಡೋಣ" ಎಂದು, ತಮ್ಮ ಸ್ವಂತ ಮಾಪಕವನ್ನು ಇಂಜಿನಿಗೆ ತಿರುಪಿ, ಸ್ವಲ್ಪ ಹೊತ್ತು ಓಡಿಸಿದರು. ಎರಡೂ ಒಂದೇ ಅಂಕಿಯನ್ನು ತೋರಿಸಿದುವು. ಆ ಮೇಲೆ ಹೇಳಿದರು: "ಬೇರಿಂಗು ಸವೆದಿದ್ದರೆ ಬಿಸಿ ಇಂಜಿನ್ನು ಮೆಲ್ಲಗೆ ತಿರುಗುವಾಗ ಮುಳ್ಳು ಬೀಳಬೇಕು, ಓಡುವಾಗ ಏಳಬೇಕು. ನಿಮ್ಮದು ತಿರುವುಮುರುವು. ನಿಂತಾಗ ಹದಿನೈದು ಇದೆ, ಓಡಿದಷ್ಟೂ ಬೀಳುತ್ತದೆ, ವಿಶ್ರಾಂತಿ ಕೊಟ್ಟರೆ ಸರಿಹೋಗುತ್ತದೆ. ಇದು ಸವೆತವಲ್ಲ ಸ್ವಾಮಿ, ಗಂಟಲು ಕಟ್ಟಿದೆ."

ಈ ಮಾತಿನ ಅರ್ಥವನ್ನು ವಾಚಕರು ತಿಳಿಯಬೇಕಾದರೆ ಎಣ್ಣೆಯ ಸಂಚಾರವನ್ನು ಸ್ವಲ್ಪ ಅರಿಯಬೇಕು. ಇಂಜಿನಿನ ತಳದಲ್ಲಿರುವ ತೊಟ್ಟಿಗೆ ಮೇಸ್ತ್ರಿಗಳು ಚೇಂಬರ್ ಎನ್ನುವರು. ಅದರೊಳಗೆ ಮುಳುಗಿರುವ ಒಂದು ಜಾಲರಿಯ ಮೂಲಕ ಪಂಪು ಎಣ್ಣೆಯನ್ನು ಹೀರಿ, ಫಿಲ್ಟರಿನಲ್ಲಿ ಸೋಸಿ, ಬೇರಿಂಗುಗಳಿಗೆ ನೂಕುವುದು. ಬೇರಿಂಗಿಗೂ ಅದರಲ್ಲಿ ತಿರುಗುವ ದಂಡಕ್ಕೂ ನಡುವೆ ಕೂದಲೆಳೆಯಷ್ಟು ಸಂದು. ಎರಡೂವರೆ ಅಂಗುಲದ ದಂಡಕ್ಕೆ ಅಂಗುಲದ ಸಾವಿರದಲ್ಲಿ ಎರಡೂವರೆ ಪಾಲಿನಷ್ಟು. ಈ ಸಂದಿನಿಂದ ಎಣ್ಣೆಯು ಸದಾ ಹೊರಸೂಸುತ್ತಲೇ ಇರುವುದು. ಪಂಪು ತುಂಬುವುದಕ್ಕೂ ಸಂದು ಸೂಸುವುದಕ್ಕೂ ಇರುವ ಹೊಂದಿಕೆಯೇ ಮುಳ್ಳು ತೋರಿಸುವ ಒತ್ತಡ. ಸಂದು ಎರಡರಷ್ಟಾದರೆ ಸೂಸುವಿಕೆಯು ಎಂಟರಷ್ಟಾಗುವುದರಿಂದ ಸವೆದ ಇಂಜಿನಿನಲ್ಲಿ ಒತ್ತಡ ನಿಲ್ಲದು. ಅದರಲ್ಲಿಯೂ ಎಣ್ಣೆ ಕಾದು ತೆಳುವಾಗಿ, ಪಂಪು ನಿಧಾನವಾಗಿ ತಿರುಗುವಾಗ ಮುಳ್ಳು ತೀರ ಕೆಳಗಿಳಿಯುವುದು. ಒತ್ತಡ ಮಿತಿಮೀರದಂತೆ ಹೆಚ್ಚಿನ ಎಣ್ಣೆಯನ್ನು ಹೊರಬಿಡುವ ಒಂದು ವಾಲ್ವೂ ಉಂಟು. ಕಸ ಸಿಕ್ಕಿ ಅದು ತೆರೆದೇ ಉಳಿದರೆ ತಣ್ಣಗಿರಲಿ ಬಿಸಿಯಿರಲಿ ಒತ್ತಡ ಯಾವಾಗಲೂ ಕಡಿಮೆ. ಜಾಲರಿಯು ಕಟ್ಟಿದ್ದರೆ ಮಾತ್ರ ಕಥೆ ಬೇರೆ: ಪಂಪಿಗೆ ಸ್ವಲ್ಪ ಎಣ್ಣೆ ಸಾಕಾಗಿರುವಾಗ ತೊಂದರೆಯಿಲ್ಲ, ಹೆಚ್ಚು ಬೇಕಾದಾಗ ಅದಕ್ಕೆ ಸಿಕ್ಕದು. ಇಂಜಿನು ನಿಂತರೆ ಹೀರುವ ಸೆಳೆತ ತಪ್ಪಿ ಕಸವು ಜಾರಿ ಕೆಳಗೆ ಬೀಳುವುದು. ಹೊರಟೊಡನೆ ಮತ್ತೆ ಮೆಲ್ಲಗೆ ಅಂಟಿಕೊಳ್ಳುವುದು. ಹಾಸನದಲ್ಲಿ ಹೇಳಿದಂತೆ ದಪ್ಪ ಎಣ್ಣೆಯನ್ನು ಹಾಕಿದ್ದರೆ, ಮೊದಲೇ ಕಟ್ಟಿದ ಜಾಲರಿಯಲ್ಲಿ ಅದು ಇನ್ನೂ ಕಷ್ಟದಿಂದ ಹಾಯುತ್ತಿತ್ತು.

ಎಣ್ಣೆಯನ್ನು ಇಳಿಸಿ ಬೆರಳಲ್ಲಿ ಉಜ್ಜಿ ಮೂಸಿದರು. ಡೀಸೆಲ್ ಬೆರೆತ ವಾಸನೆಯಾಗಲಿ ನೀರು ಬೆರೆತ ಹಾಲುಬಣ್ಣವಾಗಲಿ ಇರಲಿಲ್ಲ. ಫಿಲ್ಟರನ್ನು ಕೊಯ್ದು ಬಿಡಿಸಿದರು. ಮಿನುಗುವ ಲೋಹದ ಚೂರು ಕಾಣಲಿಲ್ಲ. ಆ ಮೇಲೆ ಚೇಂಬರ್ ಕೆಳಗಿಳಿಯಿತು. ತಳದಲ್ಲಿ ಅರ್ಧ ಅಂಗುಲ ಕಪ್ಪು ಕೆಸರು. ಜಾಲರಿಯ ಮುಕ್ಕಾಲು ಭಾಗದ ಮೇಲೆ ಆ ಕೆಸರೂ, ಅದರೊಡನೆ ಗ್ಯಾಸ್ಕೆಟ್ಟಿಗೆ ಹಚ್ಚುವ ಪೇಸ್ಟಿನ ಎಳೆಗಳೂ ಶಾವಿಗೆಯಂತೆ ಸುತ್ತಿಕೊಂಡಿದ್ದುವು. ಹಿಂದೆ ಯಾರೋ ಸೋರಿಕೆಯನ್ನು ಮುಚ್ಚಲು ಪೇಸ್ಟನ್ನು ಧಾರಾಳವಾಗಿ ಮೆತ್ತಿದ್ದರು. ಒಳಗೆ ಹಿಂಡಿದ ಭಾಗವು ಕಳಚಿ ಇಲ್ಲಿಗೆ ಬಂದಿತ್ತು. ಆದರೂ ಮೇಸ್ತ್ರಿಗಳು ಅಷ್ಟಕ್ಕೆ ಬಿಡಲಿಲ್ಲ. ಎಣ್ಣೆ ಸಾಲದೆ ಓಡಿದ ಇಂಜಿನಾದುದರಿಂದ ಒಂದು ಬೇರಿಂಗಿನ ಮುಚ್ಚಳವನ್ನು ಬಿಚ್ಚಿ ತೋರಿಸಿದರು. ಮೇಲಣ ಬೂದುಬಣ್ಣದ ಪದರು ಸಮನಾಗಿದ್ದಿತು. ಒಳಗಿನ ತಾಮ್ರದ ಬಣ್ಣ ಎಲ್ಲಿಯೂ ಇಣುಕಿರಲಿಲ್ಲ. "ಬದುಕಿತು" ಎಂದರು.

ಹೊಸ ಗ್ಯಾಸ್ಕೆಟ್ಟು ಕೂತು ಒಣಗುವವರೆಗೆ ನಾವು ಬಸ್ಸು ಹತ್ತಿ ದೋಣಿಗಾಲಿನ ಬಳಿಯ ಮಂಜರಾಬಾದು ಕೋಟೆಯನ್ನು ನೋಡಿ ಬಂದೆವು. ಟಿಪ್ಪು ಸುಲ್ತಾನನು 1792ರಲ್ಲಿ ಕಟ್ಟಿಸಿದ ಈ ಕೋಟೆಯು ಎಂಟು ಮೂಲೆಗಳ ನಕ್ಷತ್ರದ ಆಕಾರದ್ದು. ಘಾಟಿಯ ದಾರಿಯನ್ನು ಕಾಯುವುದಕ್ಕೆ ಇದಕ್ಕಿಂತ ತಕ್ಕ ಎತ್ತರ ಸಿಕ್ಕದು. ಗೋಡೆಯ ಮೇಲೆ ನಿಂತಾಗ ಒಂದು ಕಡೆ ಹಸುರು ಗುಡ್ಡಗಳ ಸಾಲು, ಇನ್ನೊಂದು ಕಡೆ ಮಂಜಿನೊಳಗೆ ಇಳಿದು ಮಾಯವಾಗುವ ರಸ್ತೆ. ನಿನ್ನೆಯೇ ಆ ಮಂಜಿನೊಳಕ್ಕೆ ಇಳಿದಿದ್ದರೆ ಏನಾಗುತ್ತಿತ್ತೆಂದು ಯಾರೂ ಬಾಯಿಬಿಟ್ಟು ಆಡಲಿಲ್ಲ; ಮಕ್ಕಳ ಕೈಯನ್ನು ಹಿಡಿದುಕೊಂಡೇ ಮೆಟ್ಟಿಲಿಳಿದೆವು.

ಸಂಜೆ ಹೊಸ ಎಣ್ಣೆ, ಹೊಸ ಫಿಲ್ಟರುಗಳನ್ನು ಹಾಕಿ, ಡೀಸೆಲನ್ನು ತಡೆದು, ಮುಳ್ಳು ಅಲುಗುವವರೆಗೆ ಇಂಜಿನನ್ನು ಬರಿದೆ ತಿರುಗಿಸಿ, ಅನಂತರವೇ ಹೊತ್ತಿಸಿದರು. ಊರ ಹೊರಗೆ ಇಪ್ಪತ್ತು ಕಿಲೋಮೀಟರು ಓಡಿಸಿ ತಂದಾಗ ಮುಳ್ಳು 45ರಲ್ಲಿ ಕದಲದೆ ಇದ್ದಿತು. ಎಲ್ಲ ಸೇರಿ ಆದ ಖರ್ಚು, ಇಂಜಿನನ್ನು ಪೂರ್ತಿ ಬಿಚ್ಚಿಸುವುದಕ್ಕೆ ತಗಲುವುದರಲ್ಲಿ ಹತ್ತರಲ್ಲೊಂದು ಪಾಲೂ ಅಲ್ಲ. ಐನೂರು ಕಿಲೋಮೀಟರು ಓಡಿದ ಮೇಲೆ ಫಿಲ್ಟರನ್ನು ಮತ್ತೊಮ್ಮೆ ಕೊಯ್ದು ನೋಡತಕ್ಕದ್ದೆಂದು ಹೇಳಿದರು. ಹಾಗೆಯೇ ಮಾಡಿದೆವು, ಲೋಹವಿರಲಿಲ್ಲ.

ಹಳೆಯ ಗಾಡಿಯನ್ನು ಕೊಳ್ಳುವ ಗೃಹಸ್ಥರು ಇಷ್ಟನ್ನು ನೆನಪಿಡಬೇಕು. ಒತ್ತಡ ಕಡಿಮೆಯೆಂಬುದು ರೋಗವಲ್ಲ, ರೋಗದ ಲಕ್ಷಣ. ಯಾವಾಗ ಕಡಿಮೆ—ತಣ್ಣಗಿರುವಾಗಲೋ ಬಿಸಿಯಾದಾಗಲೋ, ನಿಂತಾಗಲೋ ಓಡುವಾಗಲೋ—ಎಂಬುದನ್ನು ಬರೆದಿಟ್ಟರೆ ಅರ್ಧ ಚಿಕಿತ್ಸೆ ಆದಂತೆ. ಮೊದಲು ಎಣ್ಣೆಯ ಮಟ್ಟ, ಆ ಮೇಲೆ ಮಾಪಕದ ಸತ್ಯ, ಆ ಮೇಲೆ ಎಣ್ಣೆ ಮತ್ತು ಫಿಲ್ಟರು, ಅನಂತರ ವಾಲ್ವು ಮತ್ತು ಜಾಲರಿ, ಕಟ್ಟಕಡೆಗೆ ಪಂಪು ಮತ್ತು ಬೇರಿಂಗು. ಸುಲಭವಾದುದರಿಂದ ಕಷ್ಟವಾದುದಕ್ಕೆ ಹೋಗುವುದೇ ಕ್ರಮ. ಕೆಂಪು ದೀಪ ಉರಿದರೆ ಅಥವಾ ಮುಳ್ಳು ಗೆರೆಯ ಕೆಳಗಿಳಿದರೆ ಮುಂದಿನ ಊರಿನವರೆಗೆ ಎಂಬ ಮಾತೇ ಕೂಡದು.

ಮೂರನೆಯ ದಿನ ಬೆಳಗ್ಗೆ ಘಾಟಿಯನ್ನು ಇಳಿದೆವು. ಕೆಂಪುಹೊಳೆಯ ಸದ್ದು ಜೊತೆಯಲ್ಲೇ ಬರುತ್ತಿತ್ತು. ಗುಂಡ್ಯದಲ್ಲಿ ಕರಾವಳಿಯ ಬೆಚ್ಚನೆಯ ಗಾಳಿ ಮುಖಕ್ಕೆ ತಗಲಿದಾಗ ಹಿಂದಿನಿಂದ ತಾಯಿಯವರು ಮುಳ್ಳು ಎಷ್ಟರಲ್ಲಿದೆಯೆಂದು ಕೇಳಿದರು. ನಲವತ್ತೈದು ಎಂದೆವು, ಗಾಡಿಯನ್ನು ಸುಬ್ರಹ್ಮಣ್ಯದ ರಸ್ತೆಗೆ ತಿರುಗಿಸಿದೆವು.