ಸುಸ್ತಿ ಬಡ್ಡಿಯ ಲೆಕ್ಕ

"ಬ್ಯಾಂಕಿನೋರು ಮನೆಗೆ ಬಂದಿದ್ರು ಪುಟ್ಟಿ." ಫೋನಿನಲ್ಲಿ ಅಪ್ಪ ಅಷ್ಟೇ ಅಂದಿದ್ದು. ಬೈದಿದ್ದರೆ ಚೆನ್ನಾಗಿರೋದು.

ನಮ್ಮ ಶಾಂತಿಗ್ರಾಮದಲ್ಲಿ ಯಾರ ಮನೆ ಮುಂದೆ ಯಾರ ಬೈಕ್ ನಿಂತಿತ್ತು ಅನ್ನೋದು ಸಂಜೆಯೊಳಗೆ ಭೋಗನರಸಿಂಹ ದೇವಸ್ಥಾನದ ಬೀದಿಗೆಲ್ಲ ಗೊತ್ತಾಗುತ್ತೆ. ಆ ವಾರ ಅಪ್ಪ ಅಂಗಡಿ ಕಟ್ಟೆ ಕಡೆ ಹೋಗಲೇ ಇಲ್ಲ ಅಂತ ಆಮೇಲೆ ಅಮ್ಮ ಹೇಳಿದ್ರು.

ಮನೆ ಸಾಲ 18 ಲಕ್ಷ. ಶೇ. 9ರ ಬಡ್ಡಿ, 20 ವರ್ಷ, ತಿಂಗಳಿಗೆ 16,195 ರೂಪಾಯಿ ಕಂತು. ದುಡಿಯೋಳು ನಾನು, ಜಾಗ ಅಪ್ಪನದು, ಹಾಗಾಗಿ ಸಾಲಪತ್ರದಲ್ಲಿ ಇಬ್ಬರ ಸಹಿ. 2024ರ ಜುಲೈನಲ್ಲಿ ಬೆಂಗಳೂರಿನ ಕೆಲಸ ಹೋಯ್ತು. ಆಗಸ್ಟ್, ಸೆಪ್ಟೆಂಬರ್, ಅಕ್ಟೋಬರ್ ಮೂರು ಕಂತು ತಪ್ಪಿದವು. ಮನೆಯಲ್ಲಿ ಹೇಳಿರಲಿಲ್ಲ. ಆ ತಪ್ಪು ಪೂರ್ತಿ ನನ್ನದೇ. ಸುಸ್ತಿ 90 ದಿನ ದಾಟಿದರೆ ಖಾತೆ ಎನ್‌ಪಿಎ ಆಗುತ್ತೆ. ಅದಕ್ಕೆ ಆರು ದಿನ ಇದ್ದಾಗ, ಅಕ್ಟೋಬರ್ 28ಕ್ಕೆ, ಗೆಳತಿಯ ಹತ್ತಿರ ಕೈಗಡ ತಗೊಂಡು ಮೂರೂ ಕಂತು ಕಟ್ಟಿದೆ.

ಮುಗೀತು ಅಂದ್ಕೊಂಡಿದ್ದೆ. ಡಿಸೆಂಬರ್‌ನಲ್ಲಿ ಸ್ಟೇಟ್‌ಮೆಂಟ್ ತೆಗೆಸಿದರೆ 'ಪೀನಲ್ ಇಂಟರೆಸ್ಟ್' ಅಂತ ಮೂರು ಸಾಲು, ಒಟ್ಟು 7,825 ರೂಪಾಯಿ. ಸಾಲದ್ದಕ್ಕೆ ಅದನ್ನು ಅಸಲಿಗೇ ಸೇರಿಸಿದ್ದರು. ಅಂದ್ರೆ ದಂಡದ ಮೇಲೂ ಶೇ. 9ರ ಬಡ್ಡಿ ಓಡ್ತಾ ಇತ್ತು.

"ಸೊಸೈಟೀಲೂ ಸುಸ್ತಿ ಬಡ್ಡಿ ಹಾಕ್ತಾರೆ. ಕೊಟ್ಬಿಡವ್ವ, ಮತ್ತೆ ಬಾಗಿಲಿಗೆ ಬರೋದು ಬೇಡ" ಅಂದ್ರು ಅಪ್ಪ. ಅಮ್ಮ ಮಾತಿಲ್ಲದೆ ಕುತ್ತಿಗೆಯ ಸರ ಮುಟ್ಟಿಕೊಂಡ್ರು. ನನಗೆ ಅದು ತಡೆಯೋಕಾಗಲಿಲ್ಲ.

ರಾತ್ರಿ ಕೂತು ಸಾಲಪತ್ರ ಓದಿದೆ. (ಸಹಿ ಹಾಕುವಾಗ ಓದಿರಲಿಲ್ಲ. ನೀವು ಓದಿದೀರಾ?) ಅದರಲ್ಲಿ ಇದ್ದದ್ದು, ಸುಸ್ತಿಯಾದ ಮೊತ್ತದ ಮೇಲೆ ವರ್ಷಕ್ಕೆ ಶೇ. 2. ಸುಸ್ತಿಯಾದ ಮೊತ್ತದ ಮೇಲೆ, ಇಡೀ ಸಾಲದ ಮೇಲಲ್ಲ. ಮೊದಲ ಕಂತು 84 ದಿನ ತಡ, ಎರಡನೇದು 53, ಮೂರನೇದು 23. ಒಟ್ಟು 160 ದಿನ. 16,195ಕ್ಕೆ ಶೇ. 2ರಂತೆ 160 ದಿನಕ್ಕೆ ಎಷ್ಟಾಗುತ್ತೆ ಗೊತ್ತಾ? 142 ರೂಪಾಯಿ. ಮೂರು ಸಲ ಲೆಕ್ಕ ಹಾಕಿದೆ, 142. ಅವರು ಬಾಕಿಯಿದ್ದ ಅಷ್ಟೂ 17 ಲಕ್ಷಕ್ಕೆ ಶೇ. 2 ಜಡಿದಿದ್ದರು.

ಇನ್ನೊಂದೂ ಸಿಕ್ಕಿತು. 2023ರ ಆಗಸ್ಟ್ 18ರ ರಿಸರ್ವ್ ಬ್ಯಾಂಕ್ ಸುತ್ತೋಲೆ. ಕಂತು ತಪ್ಪಿದರೆ ದಂಡವನ್ನು 'ಶುಲ್ಕ'ವಾಗಿ ಹಾಕಬೇಕೇ ಹೊರತು ಬಡ್ಡಿಯಾಗಿ ಅಲ್ಲ, ಆ ಶುಲ್ಕದ ಮೇಲೆ ಮತ್ತೆ ಬಡ್ಡಿ ಹಾಕುವಂತಿಲ್ಲ, ಅದು ತಪ್ಪಿಗೆ ತಕ್ಕಷ್ಟೇ ಇರಬೇಕು ಅಂತ. ಹಳೇ ಸಾಲಗಳಿಗೂ 2024ರ ಜೂನ್ 30ರೊಳಗೆ ಇದು ಅನ್ವಯ ಆಗಬೇಕಿತ್ತು. ನನ್ನ ಸುಸ್ತಿ ಶುರುವಾಗಿದ್ದೇ ಆಗಸ್ಟ್‌ನಲ್ಲಿ.

ಹಾಸನದ ಶಾಖೆಯಲ್ಲಿ "ಸಿಸ್ಟಮ್ ಹಾಕಿರೋದು ಮೇಡಂ, ನಮ್ಮ ಕೈಲೇನಿಲ್ಲ" ಅಂದ್ರು. ಜಗಳ ಆಡಲಿಲ್ಲ. ಎರಡು ಪುಟದ ಅರ್ಜಿ ಕೊಟ್ಟು, ನಕಲಿನ ಮೇಲೆ ಸೀಲು, ತಾರೀಖು ಹಾಕಿಸಿಕೊಂಡೆ. ಕಂತು ಬೌನ್ಸ್ ಆದದ್ದಕ್ಕೆ ಸಲಕ್ಕೆ 590ರಂತೆ ಹಾಕಿದ್ದ 1,770 ರೂಪಾಯಿ ಪ್ರಶ್ನೆ ಮಾಡಲಿಲ್ಲ, ಅದು ದರಪಟ್ಟಿಯಲ್ಲೇ ಇತ್ತು. ತಡವಾದ ದಿನಗಳ ಮಾಮೂಲಿ ಬಡ್ಡಿಯನ್ನೂ ಅಷ್ಟೇ.

30 ದಿನ ಕಾದೆ. ಉತ್ತರ ಬರಲಿಲ್ಲ. ಆಮೇಲೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಅವರ ಸಿಎಂಎಸ್ ವೆಬ್‌ಸೈಟಿನಲ್ಲಿ ದೂರು ಹಾಕಿದೆ. ಫೀಸ್ ಇಲ್ಲ, ವಕೀಲರು ಬೇಡ, ಫೋನಿನಲ್ಲೇ ಆಯ್ತು. ಸೀಲು ಬಿದ್ದ ಆ ನಕಲು ಇಲ್ಲದಿದ್ದರೆ ಅಲ್ಲೇ ನಿಲ್ಲುತ್ತಿತ್ತು, ಯಾಕಂದ್ರೆ ಮೊದಲು ಬ್ಯಾಂಕಿಗೆ ದೂರು ಕೊಟ್ಟಿರಲೇಬೇಕು.

ಫೆಬ್ರವರಿಯಲ್ಲಿ ಬ್ಯಾಂಕಿನಿಂದಲೇ ಫೋನ್ ಬಂತು. ಈ ಸಲ ಧ್ವನಿ ಬೇರೆ ಥರ ಇತ್ತು. ಮಾರ್ಚ್ ಮೊದಲ ವಾರ 7,683 ರೂಪಾಯಿ, ಅದರ ಮೇಲೆ ಹಿಡಿದಿದ್ದ ಬಡ್ಡಿ ಎರಡೂ ಸಾಲದ ಖಾತೆಗೆ ವಾಪಸ್ ಜಮಾ ಆಯ್ತು. 142 ಹಿಡ್ಕೊಂಡ್ರು, ನ್ಯಾಯವೇ. ಸಿಬಿಲ್‌ನಲ್ಲಿ ಮೂರು ತಿಂಗಳ ತಡ ಹಾಗೇ ಇದೆ, ಅದೂ ನಿಜವೇ ತಾನೆ.

ಮುಂದಿನ ಶನಿವಾರ ಊರಿಗೆ ಹೋದಾಗ ಅಪ್ಪ ಇಸ್ತ್ರಿ ಅಂಗಿ ಹಾಕ್ಕೊಂಡು ಹಾಸನಕ್ಕೆ ಹೊರಟಿದ್ರು. ಪಾಸ್‌ಬುಕ್ ಎಂಟ್ರಿ ಮಾಡಿಸೋಕಂತೆ. "ನೀನು ಬರೋದು ಬೇಡ" ಅಂದು, ಅರ್ಜಿಯ ನಕಲನ್ನು ಮಡಚಿ ಜೇಬಿಗಿಟ್ಟುಕೊಂಡರು.