ಕಡಲಹದ್ದಿನ ಮರ

ಬೇಕಲದ ಕೋಟೆಯನ್ನು ನಾವು ಇತಿಹಾಸದ ಕಣ್ಣಿನಿಂದಲೇ ನೋಡುತ್ತ ಬಂದವರು. ಕೆಳದಿಯ ಶಿವಪ್ಪನಾಯಕನ ಹೆಸರನ್ನು ಹೇಳಿ, ಮುರಕಲ್ಲಿನ ಗೋಡೆಯನ್ನು ತೋರಿಸಿದರೆ ಮಕ್ಕಳಿಗೆ ಕೋಟೆಯ ಪರಿಚಯವಾಯಿತೆಂದು ಭಾವಿಸುತ್ತೇವೆ. ಆದರೆ ಆ ಕೋಟೆ ನಿಂತಿರುವುದು ಕಡಲಿನೊಳಕ್ಕೆ ಚಾಚಿದ ಭೂಶಿರದ ಮೇಲೆ. ಅದರ ಮಗ್ಗುಲಲ್ಲಿ ಬಿಲ್ಲಿನಂತೆ ಬಾಗಿದ ಕೊಲ್ಲಿ. ಹಗೆಯ ಹಡಗನ್ನು ದೂರದಿಂದಲೇ ಕಾಣಲು ತಕ್ಕ ನೆಲೆಯು ಹಕ್ಕಿಗಳನ್ನು ಕಾಣಲೂ ತಕ್ಕುದೇ.

ಕೆಲವು ವರ್ಷಗಳಿಂದ ಚಳಿಗಾಲದ ಭಾನುವಾರಗಳಲ್ಲಿ ನಾವು ನಾಲ್ಕಾರು ಮನೆಗಳವರು ಮಕ್ಕಳೊಡನೆ ಅಲ್ಲಿಗೆ ಹೋಗುತ್ತಿದ್ದೇವೆ. ಮುಂಜಾನೆ ಕೊಲ್ಲಿಯ ಮರಳಿನಲ್ಲಿ ನಡೆದು, ಬಾಗಿಲು ತೆರೆದ ಬಳಿಕ ಕೋಟೆಯನ್ನೇರುವುದು ನಮ್ಮ ರೂಢಿ. ಮೀನುಗಾರರು ಬಲೆ ಕೊಡಹುವಲ್ಲಿ ಕಂದುತಲೆಯ ಕಡಲಕ್ಕಿಗಳು ನೆರೆದಿರುತ್ತವೆ. ಲಡಾಖ್, ಟಿಬೆಟ್‌ಗಳ ಎತ್ತರದ ಸರೋವರಗಳಲ್ಲಿ ಮರಿಮಾಡುವ ಇವು ನಮ್ಮಲ್ಲಿಗೆ ಬಂದಾಗ ತಲೆ ಬಿಳಿಯಾಗಿರುತ್ತದೆ. ಕಣ್ಣಿನ ಹಿಂದೆ ಒಂದು ಮಸುಕು ಚುಕ್ಕೆ ಮಾತ್ರ ಉಳಿದಿರುತ್ತದೆ. "ಮಾವ, ತಲೆ ಬೆಳ್ಳಗಿದೆಯಲ್ಲ, ಕಂದುತಲೆ ಎನ್ನುವುದೇಕೆ?" ಎಂದು ಮಗುವೊಂದು ಕೇಳಿತು. ಮಾರ್ಚಿಯಲ್ಲಿ ಮತ್ತೆ ಹೋದಾಗ ಉತ್ತರವನ್ನು ಹಕ್ಕಿಗಳೇ ಕೊಟ್ಟವು. ಮರಳಿ ಹೊರಡುವ ಹೊತ್ತಿಗೆ ಹಲವುಗಳ ತಲೆ ಕಂದುಬಣ್ಣಕ್ಕೆ ತಿರುಗಿತ್ತು.

ಕಡಲಹದ್ದಿನ ರೀತಿಯೇ ಬೇರೆ. ಅದು ಎಲ್ಲಿಗೂ ವಲಸೆ ಹೋಗುವುದಿಲ್ಲ. ಗರುಡನಿಗಿಂತ ಬಹಳ ದೊಡ್ಡದು; ತಲೆ, ಎದೆ, ಹೊಟ್ಟೆ ಅಚ್ಚ ಬಿಳುಪು, ಬೆನ್ನು ಬೂದಿ. ರೆಕ್ಕೆಗಳನ್ನು ತುಸು ಮೇಲೆತ್ತಿ ಹಿಡಿದು ಭೂಶಿರದ ಗಾಳಿಯಲ್ಲಿ ತೇಲುವಾಗ ಅದನ್ನು ಗುರುತಿಸಲು ಕಷ್ಟವಿಲ್ಲ. ಕನ್ನಡದಲ್ಲಿ ಅದು ಬಿಳಿಹೊಟ್ಟೆಯ ಕಡಲಹದ್ದು. ಮಲಯಾಳದಲ್ಲಿ ವೆಳ್ಳವಯರನ್ ಕಡಲ್‌ಪರುಂದ್. ಎರಡು ನುಡಿಗಳೂ ಒಂದೇ ಕಡಲನ್ನು, ಒಂದೇ ಬಿಳುಪನ್ನು ಕಂಡು ಹೆಸರಿಟ್ಟಿವೆ. 2023ರಲ್ಲಿ ಇದನ್ನು ಕಾಸರಗೋಡು ಜಿಲ್ಲೆಯ ಪಕ್ಷಿಯೆಂದು ಘೋಷಿಸಲಾಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಆಶ್ರಯವೂ ಇದಕ್ಕಿದೆ.

ಆದರೆ ಗೂಡು ಇರುವುದು ಕಾಯ್ದೆಯಲ್ಲಲ್ಲ, ಮರದಲ್ಲಿ. ಕಡಲಿಗೆ ಸಮೀಪದ ಹಿತ್ತಿಲುಗಳಲ್ಲಿನ ಎತ್ತರವಾದ ಹಳೆಯ ಮರಗಳೇ ಅದಕ್ಕೆ ಬೇಕು. ಮಳೆಗಾಲ ಕಳೆದ ಮೇಲೆ ಜೋಡಿಯು ಹಳೆಯ ಗೂಡಿಗೇ ಹೊಸ ಕಡ್ಡಿಗಳನ್ನು ಸೇರಿಸುತ್ತದೆ. ನಮಗೆ ಬಳಕೆಯ ಕನ್ನಡದ ಮನೆಯೊಂದರ ಹಿತ್ತಿಲಿನಲ್ಲಿ ಅಂಥ ಒಂದು ಮಾವಿನ ಮರವಿದೆ. ಊರಿನ ಹೆಸರನ್ನು ಹೇಳದಿರುವುದು ಹಕ್ಕಿಗೂ ಮನೆಗೂ ಕ್ಷೇಮ. ಮರದಡಿ ಮೀನಿನ ಮುಳ್ಳು, ಕಡಲಹಾವಿನ ತುಂಡು, ಹಿಕ್ಕೆ, ನಾತ. ಮರದ ವ್ಯಾಪಾರಿ ಎರಡು ಸಲ ಬಂದು ಬೆಲೆ ಕಟ್ಟಿ ಹೋಗಿದ್ದ. ಮನೆಯ ಹಿರಿಯಮ್ಮ ಹೇಳಿದರು: "ನಮ್ಮ ಅತ್ತೆಯ ಕಾಲದಿಂದಲೂ ಇಲ್ಲಿಯೇ ಇವೆ. ಗುಡಿಸುವುದು ನಾನಲ್ಲವೇ? ಇರಲಿ."

ಆ 'ಇರಲಿ' ಎಂಬ ಮಾತಿನ ಬಲದಿಂದಲೇ ಗೂಡು ಉಳಿದಿದೆ. ಗಡಿನಾಡಿನ ಕನ್ನಡಿಗರಾದ ನಮಗೆ ಇದು ಹೊಸ ಪಾಠವೇನಲ್ಲ. 1956ರಲ್ಲಿ ಈ ಜಿಲ್ಲೆಯ ನೆಲ ಕೇರಳಕ್ಕೆ ಸೇರಿತು. ಅದೇ ವರ್ಷ ಸಂವಿಧಾನಕ್ಕೆ 350ಎ ವಿಧಿಯೂ ಸೇರಿ, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಏರ್ಪಾಡು ಇರಬೇಕೆಂದಿತು. ಆ ಹಕ್ಕಿಗಾಗಿ ದನಿಯೆತ್ತುವುದನ್ನು ನಾವು ಬಿಡಲಾಗದು. ಆದರೂ ಪ್ರತಿ ಜೂನ್ ತಿಂಗಳಲ್ಲಿ ಮಗುವನ್ನು ಯಾವ ಶಾಲೆಗೆ ಸೇರಿಸುವುದೆಂಬ ತೀರ್ಮಾನವಾಗುವುದು ಮನೆಯ ಜಗಲಿಯಲ್ಲಿ. ಕನ್ನಡ ತರಗತಿಗೆ ಮಕ್ಕಳೇ ಬಾರದಿದ್ದರೆ ವಿಧಿಯು ಯಾರನ್ನು ಕಾಯಬೇಕು?

ನಮ್ಮ ಮಕ್ಕಳೀಗ ಒಂದು ಪುಸ್ತಕವನ್ನು ಇಟ್ಟಿದ್ದಾರೆ. ದಿನಾಂಕ, ಕಂಡ ಹಕ್ಕಿ, ಎಣಿಕೆ. ಹೆಸರು ಮೊದಲು ಕನ್ನಡದಲ್ಲಿ, ಬಳಿಕ ಮಲಯಾಳದಲ್ಲಿ. ಕನ್ನಡದ ಹೆಸರು ತಿಳಿಯದಿದ್ದರೆ ಆ ಜಾಗವನ್ನು ಖಾಲಿ ಬಿಟ್ಟು ಮನೆಯ ಹಿರಿಯರನ್ನು ಕೇಳಬೇಕೆಂಬುದು ಅವರೇ ಮಾಡಿಕೊಂಡ ನಿಯಮ. ಖಾಲಿ ಜಾಗಗಳು ಇನ್ನೂ ಬಹಳ ಇವೆ.

ಈ ವರ್ಷ ಆ ಹಿತ್ತಿಲು ಪಾಲಾಯಿತು. ಮಾವಿನ ಮರ ಕಿರಿಯ ಮಗನ ಪಾಲಿಗೆ ಬಂದಿದೆ. "ಸದ್ಯಕ್ಕೆ ಕಡಿಯುವುದಿಲ್ಲ" ಎಂದು ಆತ ಹೇಳಿದ್ದಾರೆ. ಆ 'ಸದ್ಯಕ್ಕೆ' ಎಂಬ ಮಾತನ್ನು 'ಇರಲಿ' ಎಂದಾಗಿಸಲು ನಾವು ಬರುವ ಚಳಿಗಾಲದಲ್ಲಿ ಅವರ ಮಕ್ಕಳನ್ನೂ ಕೊಲ್ಲಿಗೆ ಕರೆದೊಯ್ಯಲಿದ್ದೇವೆ.